ಪಕ್ಕದ ಮನೆ ಗಲಾಟೆ, ಬೀದಿ ಹುಡುಗರ ಕಾಟ: ಇಂಗ್ಲೆಂಡಿನಲ್ಲಿ ಕೌನ್ಸಿಲ್ ನಿಜಕ್ಕೂ ಏನು ಮಾಡುತ್ತದೆ?

ಪ್ರಶ್ನೆ: ಮೇಡಂ, ನಾವು ತುಮಕೂರಿನವರು. ನಾಲ್ಕು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಹೋದ ವರ್ಷ ಸಾಲ ಮಾಡಿ ಒಂದು ಟೆರೇಸ್ ಮನೆ (ಅಕ್ಕಪಕ್ಕದ ಮನೆಗೆ ಒಂದೇ ಗೋಡೆ ಇರುವ ಸಾಲು ಮನೆ) ಕೊಂಡೆವು. ಫೆಬ್ರವರಿಯಲ್ಲಿ ಪಕ್ಕದ ಮನೆಗೆ ಹೊಸ ಬಾಡಿಗೆದಾರರು ಬಂದರು. ವಾರಕ್ಕೆ ಮೂರು ದಿನ ರಾತ್ರಿ ಎರಡರ ತನಕ ಮ್ಯೂಸಿಕ್, ಗೋಡೆಯೇ ಅದುರುತ್ತದೆ. ಇದು ಸಾಲದು ಅಂತ ಸಂಜೆ ಹುಡುಗರ ಗುಂಪು ನಮ್ಮ ಮುಂದಿನ ಗೋಡೆ ಮೇಲೆ ಕೂತು ಮೊಪೆಡ್ ಗುರ್ ಅನ್ನಿಸುತ್ತಿರುತ್ತದೆ. ಎರಡು ಸಲ ಕಿಟಕಿಗೆ ಮೊಟ್ಟೆ ಹೊಡೆದರು. ಒಂದು ಸಲ ನಮ್ಮತ್ತೆಯವರ ಬಣ್ಣ ನೋಡಿ ಕೆಟ್ಟದಾಗಿ ಬೈದು, 'ನಿಮ್ಮ ದೇಶಕ್ಕೆ ಹೋಗಿ' ಎಂದರು. ಅತ್ತೆಯವರಿಗೆ ಬಿಪಿ ಇದೆ, ನಿದ್ದೆ ಇಲ್ಲ. ಮಾರ್ಚ್, ಮೇ, ಜೂನ್‌ನಲ್ಲಿ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ದೂರು ಕೊಟ್ಟೆ. ಗದ್ದಲದ ದಿನ, ಹೊತ್ತು ಬರೆದಿಡುವ ಡೈರಿ ಶೀಟ್ ಕಳಿಸಿ ಸುಮ್ಮನಾದರು. ನಮ್ಮೆಜಮಾನರು 'ಮುಂದಿನ ವರ್ಷ ಐಎಲ್‌ಆರ್ (ಇಲ್ಲಿ ಖಾಯಂ ನೆಲೆಸುವ ಅನುಮತಿ) ಅರ್ಜಿ ಹಾಕಬೇಕು, ಸುಮ್ನೆ ಯಾಕೆ ರಗಳೆ' ಅಂತಾರೆ. ಕೌನ್ಸಿಲ್‌ನವರು ಇವರನ್ನ ಖಾಲಿ ಮಾಡಿಸುತ್ತಾರಾ? ದೂರು ಕೊಟ್ಟರೆ ನಮಗೇ ತೊಂದರೆಯಾ? ಮನೆ ಮಾರಿಬಿಡುವುದೇ ಒಳ್ಳೆಯದಾ?

ಉತ್ತರ: ಮೊದಲು ವೀಸಾ ಮಾತು ಮುಗಿಸಿಬಿಡೋಣ. ನಿಮ್ಮ ಮನೆಯಲ್ಲಿ ಉಳಿದೆಲ್ಲಾ ಚರ್ಚೆಯೂ ಅಲ್ಲೇ ನಿಂತಿದೆ ಅನ್ನಿಸುತ್ತದೆ. ಕಾಟ ಅನುಭವಿಸಿದವರು ದೂರು ಕೊಟ್ಟರೆ ಐಎಲ್‌ಆರ್‌ಗೆ ಯಾವ ಅಡ್ಡಿಯೂ ಇಲ್ಲ. ಅರ್ಜಿಯಲ್ಲಿ ಕೇಳುವುದು ನಿಮ್ಮ ಮೇಲಿನ ಶಿಕ್ಷೆ, ಕೇಸುಗಳ ಬಗ್ಗೆ. ನೀವು ಎಷ್ಟು ಸಲ ಕೌನ್ಸಿಲ್‌ಗೆ ಫೋನ್ ಮಾಡಿದಿರಿ ಅಂತ ಅಲ್ಲ. ತಾಳ್ಮೆ ಕೆಟ್ಟು ಎಜಮಾನರು ಹೊರಗೆ ಹೋಗಿ ಆ ಹುಡುಗರಲ್ಲಿ ಒಬ್ಬನ ಕೊರಳಪಟ್ಟಿ ಹಿಡಿದರೆ ಮಾತ್ರ ಐಎಲ್‌ಆರ್‌ಗೆ ನಿಜವಾದ ಅಪಾಯ. ಹಾಗಾಗಿ ದೂರು ಕೊಡುವುದೇ ಇಲ್ಲಿ ಸುರಕ್ಷಿತ ದಾರಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ಒಂದೇ ದೂರು ಅಂದುಕೊಂಡಿರುವುದರಲ್ಲಿ ಮೂರು ಬೇರೆ ಬೇರೆ ದೂರುಗಳಿವೆ. ರಾತ್ರಿ ಮ್ಯೂಸಿಕ್ ಒಂದು. ಗೋಡೆ ಮೇಲೆ ಕೂರುವ ಹುಡುಗರು, ಮೊಪೆಡ್ ಎರಡನೆಯದು. ಮೊಟ್ಟೆ ಮತ್ತು ಆ ಬೈಗುಳ ಮೂರನೆಯದು. ಈ ಮೂರೂ ಮೂರು ಬೇರೆ ಮೇಜಿಗೆ ಹೋಗಬೇಕು. ಒಂದೇ ಇಮೇಲ್‌ನಲ್ಲಿ ಎಲ್ಲಾ ಸುರಿದರೆ ಕೌನ್ಸಿಲ್‌ನ ಕಾಂಟ್ಯಾಕ್ಟ್ ಸೆಂಟರಿನವರು ಮೊದಲ ಸಾಲು ನೋಡಿ 'ನಾಯ್ಸ್' ಅಂತ ಒಂದು ಬಟನ್ ಒತ್ತುತ್ತಾರೆ. ಉಳಿದದ್ದು ಅಲ್ಲೇ ಹೂತುಹೋಗುತ್ತದೆ. ನಿಮಗೆ ಆಗಿರುವುದೂ ಇದೇ ಅಂತ ನನ್ನ ಊಹೆ. ಬರೀ ಗದ್ದಲಕ್ಕೆ ಕಳಿಸುವ ಡೈರಿ ಶೀಟ್ ಕಳಿಸಿದ್ದಾರೆ, ಅಲ್ವಾ?

ಸುಲಭವಾದದ್ದರಿಂದ ಶುರು ಮಾಡುತ್ತೇನೆ. ಬಣ್ಣ ನೋಡಿ ಬೈದದ್ದು ಕೌನ್ಸಿಲ್ ವಿಷಯಕ್ಕಿಂತ ಮೊದಲು ಪೊಲೀಸ್ ವಿಷಯ. ಅದು ಹೇಟ್ ಕ್ರೈಮ್. 1998ರ ಕ್ರೈಮ್ ಅಂಡ್ ಡಿಸಾರ್ಡರ್ ಆ್ಯಕ್ಟ್‌ನಲ್ಲಿ ಜನಾಂಗದ ಕಾರಣಕ್ಕೆ ಮಾಡಿದ ಕಿರುಕುಳಕ್ಕೆ ಹೆಚ್ಚಿನ ಶಿಕ್ಷೆ ಇದೆ. ತುರ್ತಲ್ಲದ ಪೊಲೀಸ್ ನಂಬರ್ 101ಕ್ಕೆ ಫೋನ್ ಮಾಡಿ ಅಥವಾ ಆನ್‌ಲೈನ್‌ನಲ್ಲಿ ಬರೆಯಿರಿ. 'ಇದನ್ನು ಹೇಟ್ ಕ್ರೈಮ್ ಅಂತ ದಾಖಲು ಮಾಡಿ' ಎಂದು ಬಾಯಿಬಿಟ್ಟು ಹೇಳಿ, ಕ್ರೈಮ್ ರೆಫರೆನ್ಸ್ ನಂಬರ್ ಕೇಳಿ ತೆಗೆದುಕೊಳ್ಳಿ. ಬೈದ ಮಾತನ್ನು ನಯ ಮಾಡಬೇಡಿ. ನಮ್ಮವರಿಗೆ ಆ ಪದ ಬಾಯಲ್ಲಿ ಹೇಳಲು ಮುಜುಗರ, 'ಏನೋ ಕೆಟ್ಟದಾಗಿ ಅಂದರು' ಅನ್ನುತ್ತಾರೆ. ಏನಂದರು ಅಂತ ಇದ್ದ ಹಾಗೆ ಬರೆಯಿರಿ. ಮೊಟ್ಟೆ ಎಸೆದ ದಿನ, ಹೊತ್ತು, ಫೋಟೋ ಇದ್ದರೆ ಅದನ್ನೂ ಅದೇ ನಂಬರಿಗೆ ಸೇರಿಸಿ. ಇನ್ನು, ಆ ಹೊತ್ತಿಗೆ ಬಾಗಿಲು ಒದೆಯುತ್ತಿದ್ದರೆ, ಹೆದರಿಕೆ ಆದರೆ ತುರ್ತು ನಂಬರ್ 999. ಆಗ 101ಕ್ಕೆ ಫೋನ್ ಮಾಡಿ ಕಾಯುತ್ತಾ ಕೂರಬೇಡಿ.

ಹುಡುಗರು ಗೋಡೆ ಮೇಲೆ ಕೂತು ಹರಟುವುದು ಮಾತ್ರ ಬೇರೆ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಹುಡುಗರು ಗುಂಪಾಗಿ ನಿಲ್ಲುವುದು ಅಪರಾಧವಲ್ಲ, ಬೀದಿಯಲ್ಲಿ ಚೆಂಡಾಡುವುದೂ ಅಲ್ಲ. ಬರೀ ಅದಕ್ಕೆ ದೂರು ಕೊಟ್ಟರೆ ಯಾವ ಕೌನ್ಸಿಲ್ಲೂ ಏಳುವುದಿಲ್ಲ, ಏಳಲೂಬಾರದು. ಗೋಡೆ ನಿಮ್ಮದಾದರೆ ಇಳಿಯಿರಿ ಅನ್ನುವ ಹಕ್ಕು ನಿಮಗಿದೆ. ಆದರೆ ಮೊಟ್ಟೆ ಬಿದ್ದ ಮನೆಯವರು ಒಬ್ಬರೇ ಹೊರಗೆ ಹೋಗಿ ಹೇಳುವುದು ಬೇಡ. ಮೊಪೆಡ್ ಬೇರೆ ಮಾತು. ಅಡ್ಡಾದಿಡ್ಡಿ ಓಡಿಸಿ ಜನರಿಗೆ ಭಯ, ಕಿರಿಕಿರಿ ಮಾಡಿದರೆ 2002ರ ಪೊಲೀಸ್ ರಿಫಾರ್ಮ್ ಆ್ಯಕ್ಟ್‌ನ ಸೆಕ್ಷನ್ 59ರಲ್ಲಿ ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಸಾಮಾನ್ಯವಾಗಿ ಮೊದಲು ಎಚ್ಚರಿಕೆ, ಆಮೇಲೂ ನಿಲ್ಲದಿದ್ದರೆ ಗಾಡಿ ಜಪ್ತಿ. ಹುಡುಗರಿಗೆ ಕೋರ್ಟಿಗಿಂತ ಗಾಡಿ ಹೋಗುವ ಭಯ ಜಾಸ್ತಿ. ನಂಬರ್ ಪ್ಲೇಟ್ ಕಂಡರೆ ಬರೆದಿಡಿ.

ಹುಡುಗರ ವಿಷಯದಲ್ಲಿ ಕೌನ್ಸಿಲ್ ಮಾಡುವ ಕೆಲಸ ಹೊರಗೆ ಕಾಣುವುದಿಲ್ಲ. ಕಮ್ಯುನಿಟಿ ಸೇಫ್ಟಿ ಟೀಮಿನವರು, ಆ ಬೀದಿಯ ಪೊಲೀಸರು, ಶಾಲೆ, ಯೂತ್ ವರ್ಕರ್ ಒಟ್ಟಿಗೆ ಕೂತು ಹುಡುಗರ ಹೆಸರು ಪತ್ತೆ ಹಚ್ಚುತ್ತಾರೆ. ಮನೆಗೆ ಪತ್ರ ಹೋಗುತ್ತದೆ. ತಂದೆತಾಯಿಯನ್ನು ಕರೆಸಿ ಮಾತಾಡುತ್ತಾರೆ. ಹುಡುಗನ ಕೈಯಲ್ಲಿ 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಎಂಬ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಅದಕ್ಕೆ ಕಾನೂನಿನ ಬಲ ಇಲ್ಲ. ಆದರೂ ನಾನು ಕೆಲಸ ಮಾಡಿದ ಕಡೆ ಅಮ್ಮನ ಎದುರು ಸಹಿ ಹಾಕಿದ ಮೇಲೆ ಆ ಬೀದಿಗೆ ಮತ್ತೆ ಕಾಲಿಡದ ಹುಡುಗರೇ ಜಾಸ್ತಿ. ಬಗ್ಗದವರಿಗೆ ಸಿವಿಲ್ ಇಂಜಂಕ್ಷನ್, ಅಂದರೆ ಕೋರ್ಟಿನ ತಡೆಯಾಜ್ಞೆ ಇದೆ. 10 ವರ್ಷ ತುಂಬಿದ ಯಾರ ಮೇಲೂ ತರಬಹುದು. 18ರ ಒಳಗಿನವರಾದರೆ ಯೂತ್ ಕೋರ್ಟ್, ದೊಡ್ಡವರಾದರೆ ಕೌಂಟಿ ಕೋರ್ಟ್. ದೊಡ್ಡವರು ಅದನ್ನು ಮುರಿದರೆ ಎರಡು ವರ್ಷದವರೆಗೆ ಜೈಲು. ಹಿಂದೆ ಟಿವಿಯಲ್ಲಿ ಕೇಳುತ್ತಿದ್ದ 'ಆಸ್ಬೊ' (ಕಾಟ ಕೊಡುವವರ ಮೇಲೆ ಕೋರ್ಟು ಹಾಕುತ್ತಿದ್ದ ಆದೇಶ) ಈಗಿಲ್ಲ. 2014ರಲ್ಲಿ ಬಂದ ಆ್ಯಂಟಿ ಸೋಷಿಯಲ್ ಬಿಹೇವಿಯರ್, ಕ್ರೈಮ್ ಅಂಡ್ ಪೊಲೀಸಿಂಗ್ ಆ್ಯಕ್ಟ್ ಅದನ್ನು ತೆಗೆದುಹಾಕಿತು.

ಇನ್ನು ಮ್ಯೂಸಿಕ್. ನಿಮ್ಮ ನಿದ್ದೆ ಕೆಡಿಸಿರುವುದು ಇದೇ, ಕೌನ್ಸಿಲ್ ಕೈಯಲ್ಲಿ ನಿಜವಾದ ಅಧಿಕಾರ ಇರುವುದೂ ಇಲ್ಲೇ.

ಜನ ನಂಬಿರುವ ಒಂದು ತಪ್ಪು ಮಾತಿದೆ. ರಾತ್ರಿ ಹನ್ನೊಂದರವರೆಗೆ ಏನು ಬೇಕಾದರೂ ಮಾಡಬಹುದು, ಆಮೇಲೆ ಮಾಡಬಾರದು ಅಂತ. ರಾತ್ರಿ 11ರಿಂದ ಬೆಳಗ್ಗೆ 7ರವರೆಗಿನ ಹೊತ್ತು 1996ರ ನಾಯ್ಸ್ ಆ್ಯಕ್ಟ್‌ನಲ್ಲಿ ಬರುವುದು ನಿಜ, ಅದರಲ್ಲಿ ಡೆಸಿಬೆಲ್ ಲೆಕ್ಕವೂ ಇದೆ. ಆದರೆ ಕೌನ್ಸಿಲ್ ಮುಖ್ಯವಾಗಿ ಬಳಸುವುದು 1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಆ್ಯಕ್ಟ್. ಅದರಲ್ಲಿ ಇಷ್ಟು ಡೆಸಿಬೆಲ್ ದಾಟಿದರೆ ತಪ್ಪು ಅಂತ ಗೆರೆ ಇಲ್ಲ. ಎಷ್ಟು ಹೊತ್ತು, ಎಷ್ಟು ಸಲ, ಯಾವ ಸಮಯದಲ್ಲಿ, ಮನೆಯೊಳಗೆ ಕೂತವರ ಬದುಕಿಗೆ ಏನಾಗುತ್ತಿದೆ ಎಂದು ಅಧಿಕಾರಿ ನೋಡುತ್ತಾರೆ. ಆದ್ದರಿಂದ ಫೋನಿನ ಡೆಸಿಬೆಲ್ ಆ್ಯಪ್ ತೋರಿಸಿ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಮಧ್ಯಾಹ್ನದ ಗದ್ದಲವೂ ಈ ಕಾಯ್ದೆಯಲ್ಲಿ ಬರಬಹುದು.

ಹಾಗಂತ ಗೋಡೆಯಾಚೆ ಕೇಳಿಸಿದ್ದೆಲ್ಲಾ ದೂರಲ್ಲ. ಮಗು ಅಳುವುದು, ಮೆಟ್ಟಿಲು ಹತ್ತುವುದು, ವಾಷಿಂಗ್ ಮೆಷಿನ್, ಬಾಗಿಲು ಹಾಕುವುದು ಇವೆಲ್ಲ ಬದುಕಿನ ಸದ್ದು. 1999ರಲ್ಲಿ ಲಂಡನ್ನಿನ ಸದಕ್ ಕೌನ್ಸಿಲ್‌ನ ಬಾಡಿಗೆದಾರರ ಮೊಕದ್ದಮೆ ಆಗಿನ ಅತಿ ದೊಡ್ಡ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ಹಳೇ ಕಟ್ಟಡ, ಸದ್ದು ತಡೆಯುವ ಗೋಡೆಯೇ ಇಲ್ಲ, ಪಕ್ಕದವರ ಪ್ರತಿ ಮಾತೂ ಕೇಳುತ್ತಿತ್ತು. ಆದರೂ ಮಾಮೂಲಿಯಾಗಿ ಬದುಕುವವರ ಸದ್ದು ಕಾನೂನಿನ ಕಣ್ಣಿನಲ್ಲಿ ಉಪದ್ರವ ಅಲ್ಲ ಎಂದು ತೀರ್ಪಾಯಿತು. ಟೆರೇಸ್ ಮನೆಗಳ ಗೋಡೆ ಎಷ್ಟು ತೆಳು ಅಂತ ನಿಮಗೇ ಗೊತ್ತು. ನಿಮ್ಮ ದೂರಿನಲ್ಲಿ ಇಂಥವು ಸೇರಿಕೊಂಡಿದ್ದರೆ ತೆಗೆದುಬಿಡಿ. ರಾತ್ರಿ ಎರಡರ ತನಕದ ಮ್ಯೂಸಿಕ್ ಒಂದೇ ಸಾಕು. ಜೊತೆಗೆ 'ಅವರ ಮಗು ಓಡಾಡುತ್ತದೆ' ಅಂತ ಬರೆದರೆ ಅಧಿಕಾರಿ ಇಡೀ ದೂರನ್ನೇ ಅನುಮಾನದಿಂದ ಓದುತ್ತಾರೆ.

ಡೈರಿ ಶೀಟ್ ಕಳಿಸಿ ಕೈ ತೊಳೆದುಕೊಂಡರು ಅಂತ ನಿಮಗೆ ಬೇಜಾರಾಗಿದೆ. ಕೈ ತೊಳೆದುಕೊಳ್ಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಾಳೆ ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಹೋಗುವುದು ಅದೇ ಹಾಳೆ. ನನ್ನ ಕೈಗೆ ಬರುತ್ತಿದ್ದ ಹೆಚ್ಚಿನ ಡೈರಿಗಳು ಹೀಗಿರುತ್ತಿದ್ದವು: 'ನಿನ್ನೆ ರಾತ್ರಿ ಮತ್ತೆ ಅದೇ. ಸಾಕಾಗಿದೆ.' ನೋವು ನಿಜ, ಆದರೆ ಇದರಿಂದ ಏನೂ ಮಾಡಲಾಗುವುದಿಲ್ಲ. ಹೀಗೆ ಬರೆಯಿರಿ: 'ಶನಿವಾರ ರಾತ್ರಿ 11:40ರಿಂದ 2:15. ಬೇಸ್ ಸದ್ದು, ಮಧ್ಯೆ ಮಧ್ಯೆ ಕೂಗಾಟ. ನಾವು ಹಿಂದಿನ ಬೆಡ್‌ರೂಮಿನಲ್ಲಿ, ಕಿಟಕಿ ಮುಚ್ಚಿತ್ತು. ಟೇಬಲ್ ಮೇಲಿನ ಲೋಟ ಅದುರುತ್ತಿತ್ತು. 12:30ಕ್ಕೆ ಅತ್ತೆ ಎದ್ದು ಕೂತರು, ಬಿಪಿ ನೋಡಿದೆವು. 1 ಗಂಟೆಗೆ ಕೌನ್ಸಿಲ್ ನಂಬರಿಗೆ ಫೋನ್ ಮಾಡಿದೆ.' ಬಿಪಿ ಎಷ್ಟಿತ್ತು ಅಂತಲೂ ಬರೆಯಿರಿ. ಸದ್ದಿಲ್ಲದ ರಾತ್ರಿಗಳನ್ನೂ ನಮೂದಿಸಿ, ಆಗ ಡೈರಿಗೆ ಬೆಲೆ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವ ಆ್ಯಪ್ ಕೆಲವು ಕೌನ್ಸಿಲ್‌ಗಳಲ್ಲಿದೆ, ಕೇಳಿ ನೋಡಿ.

ಡೋರ್‌ಬೆಲ್ ಕ್ಯಾಮೆರಾ ಹಾಕುವ ಯೋಚನೆ ಇದ್ದರೆ ನಿಮ್ಮ ಬಾಗಿಲು, ಗೋಡೆ ಮಟ್ಟಿಗೆ ತಿರುಗಿಸಿ. ಪಕ್ಕದವರ ಅಂಗಳ, ಅವರ ಮಾತುಕತೆ ಸಿಕ್ಕಿಹಾಕಿಕೊಂಡರೆ ಡೇಟಾ ಪ್ರೊಟೆಕ್ಷನ್ ಕಾನೂನು ನಿಮ್ಮ ಮೇಲೇ ಬರುತ್ತದೆ. 2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್ ಇಂಥ ಒಂದು ಜಗಳದಲ್ಲಿ ಕ್ಯಾಮೆರಾ ಹಾಕಿದವರ ವಿರುದ್ಧವೇ ತೀರ್ಪು ಕೊಟ್ಟಿತು. ದೂರದ ಮಾತು ಹಿಡಿಯುವ ಆಡಿಯೋ ಅಲ್ಲಿ ದೊಡ್ಡ ತಕರಾರಾಗಿತ್ತು.

ಇನ್ನೊಂದು ವಿಷಯ, ಇದು ನಮ್ಮವರಿಗೇ ಹೇಳಬೇಕಾದದ್ದು. ದೂರು ಬಂದಾಗ ಅಧಿಕಾರಿ ಫೋನಿನಲ್ಲಿ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಆಗಿದೆ? ನಿಮ್ಮನ್ನೇ ಗುರಿ ಮಾಡಿದ್ದಾರಾ? ಮನೆಯಲ್ಲಿ ಕಾಯಿಲೆಯವರು ಇದ್ದಾರಾ? ಹೆದರಿಕೆ ಆಗುತ್ತಿದೆಯಾ? ಉತ್ತರಕ್ಕೆ ತಕ್ಕಂತೆ ಅಂಕ ಹಾಕುತ್ತಾರೆ, ಆ ಅಂಕ ನೋಡಿ ಸರದಿ ಹಿಂದುಮುಂದಾಗುತ್ತದೆ. ನಮ್ಮವರು ಏನು ಹೇಳುತ್ತಾರೆ? 'ಪರವಾಗಿಲ್ಲ, ಅಡ್ಜಸ್ಟ್ ಮಾಡಿಕೊಂಡು ಹೋಗ್ತಿದ್ದೇವೆ.' ಅಲ್ಲಿಗೆ ಮುಗಿಯಿತು, ಲೋ ರಿಸ್ಕ್ ಅಂತ ಗೆರೆ ಬಿತ್ತು. ಎದುರಿನವರಿಗೆ ಬೇಜಾರಾಗಬಾರದು ಅನ್ನುವ ನಮ್ಮ ಸಂಕೋಚ ಈ ಫೋನಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅತ್ತೆಯವರ ಬಿಪಿ, ಡಾಕ್ಟರ ಚೀಟಿ, ಅವರು ಒಬ್ಬರೇ ವಾಕಿಂಗ್ ಹೋಗುವುದನ್ನು ಬಿಟ್ಟಿದ್ದರೆ ಅದು, ಇದೆಲ್ಲಾ ನೇರವಾಗಿ ಹೇಳಿ. ಜಾಸ್ತಿ ಮಾಡಿ ಹೇಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ.

ದೂರು ಬಂದ ಮೇಲೆ ಕೌನ್ಸಿಲ್ ಎನ್ವಿರಾನ್‌ಮೆಂಟಲ್ ಹೆಲ್ತ್‌ನವರು ವಿಚಾರಿಸಲೇಬೇಕು, ಅದು ಅವರ ಕಾನೂನಿನ ಹೊಣೆ. ಗದ್ದಲ ಉಪದ್ರವದ ಮಟ್ಟಕ್ಕೆ ಹೋಗಿದೆ ಎಂದು ಅಧಿಕಾರಿಗೆ ಮನವರಿಕೆ ಆದರೆ ನೋಟಿಸ್ ಕೊಡುವುದೂ ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಕೊಡಬೇಕು. ಮಾತಾಡಿ ಸರಿಮಾಡಲು ಏಳು ದಿನ ತಡೆಯಬಹುದು, ಅಷ್ಟೇ. ಗದ್ದಲ ನಿಲ್ಲಿಸಿ ಅನ್ನುವ ಆ ನೋಟಿಸಿನ ಹೆಸರು ಅಬೇಟ್‌ಮೆಂಟ್ ನೋಟಿಸ್. ಮುರಿದರೆ ಮ್ಯಾಜಿಸ್ಟ್ರೇಟ್ ಕೋರ್ಟು, ದಂಡ. ಮ್ಯೂಸಿಕ್ ಸಿಸ್ಟಮ್ಮನ್ನೇ ಹೊತ್ತುಕೊಂಡು ಹೋಗುವ ಅಧಿಕಾರವೂ ಇದೆ.

ಇನ್ನೊಂದು ದಾರಿ ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್. ಇದು 2014ರ ಕಾಯ್ದೆಯದು. 16 ತುಂಬಿದವರಿಗೆ ಕೊಡಬಹುದು. ಮೊದಲು ಲಿಖಿತ ಎಚ್ಚರಿಕೆ, ಆಮೇಲೆ ನೋಟಿಸ್. ಮುರಿದವರ ಮೇಲೆ ಕೋರ್ಟಿನಲ್ಲಿ ಅಪರಾಧ ಸಾಬೀತಾದರೆ 2,500 ಪೌಂಡ್ ತನಕ ದಂಡ. ಇಲ್ಲಿ ಗಮನಿಸಬೇಕಾದ ಮಾತು: ಕಾಟ ನಿರಂತರವಾಗಿರಬೇಕು, ನ್ಯಾಯವಲ್ಲದ್ದಾಗಿರಬೇಕು, ಸುತ್ತಲಿನವರ ಬದುಕನ್ನು ಕೆಡಿಸುತ್ತಿರಬೇಕು. ಸುತ್ತಲಿನವರು ಅಂದರೆ ನೀವೊಬ್ಬರೇ ಆಗಿದ್ದರೆ ಕೇಸು ಸಡಿಲ. ಆಚೆ ಮನೆಯವರಿಗೂ ತೊಂದರೆ ಇದ್ದರೆ ಅವರನ್ನೂ ದೂರು ಕೊಡಲು ಕೇಳಿ. ಸಹಿ ಸಂಗ್ರಹ ಬೇಡ. ಒಂದು ಅರ್ಜಿಗೆ ಹತ್ತು ಸಹಿಗಿಂತ ಎರಡು ಬೇರೆ ಬೇರೆ ಮನೆಯ ಎರಡು ಡೈರಿ ಮೇಲು.

ಖಾಲಿ ಮಾಡಿಸುತ್ತಾರಾ ಅಂತ ಕೇಳಿದಿರಿ. ಕೌನ್ಸಿಲ್ ತನ್ನದೇ ಮನೆಯ ಬಾಡಿಗೆದಾರರನ್ನೂ ಕೋರ್ಟಿನ ಆದೇಶವಿಲ್ಲದೆ ಹೊರಹಾಕಲಾರದು. ನಿಮ್ಮ ಪಕ್ಕದ್ದು ಖಾಸಗಿ ಬಾಡಿಗೆ ಮನೆಯಾದರೆ ಆ ಕೆಲಸ ಲ್ಯಾಂಡ್‌ಲಾರ್ಡ್‌ನದು. ಮೂರು ದೂರಾದರೆ ಖಾಲಿ ಅನ್ನುವ ನಿಯಮ ಎಲ್ಲೂ ಇಲ್ಲ. ಆದರೆ ಮನೆ ಯಾರ ಹೆಸರಿನಲ್ಲಿದೆ ಅಂತ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮಾಲೀಕರಿಗೆ ಶಾಂತವಾಗಿ ಒಂದು ಪತ್ರ ಬರೆಯಿರಿ, ತಾರೀಖುಗಳ ಸಮೇತ. ಬಹುಪಾಲು ಲ್ಯಾಂಡ್‌ಲಾರ್ಡ್‌ಗಳಿಗೆ ಬಾಡಿಗೆ ಬಂದರೆ ಸಾಕು, ಪಕ್ಕದವರ ಪಾಡು ಗೊತ್ತೇ ಇರುವುದಿಲ್ಲ. ಬೇರೆ ಬೇರೆ ಕಡೆಯವರು ಸೇರಿ ಇರುವ ಲೈಸೆನ್ಸ್ ಮನೆಯಾದರೆ, ಗಲಾಟೆ ತಡೆಯಬೇಕೆಂದು ಲೈಸೆನ್ಸಿನಲ್ಲೇ ಷರತ್ತು ಹಾಕುವ ಅಧಿಕಾರ ಕೌನ್ಸಿಲ್‌ಗಿದೆ. ಹಾಗಾಗಿ ಲೈಸೆನ್ಸ್ ಇದೆಯಾ ಅಂತ ಕೇಳಿ. ಇದೊಂದು ಪ್ರಶ್ನೆ ಎಷ್ಟೋ ಫೈಲುಗಳನ್ನು ಎಬ್ಬಿಸುತ್ತದೆ.

ಮುಂಚೆ ಲ್ಯಾಂಡ್‌ಲಾರ್ಡ್ ಕಾರಣ ಹೇಳದೆ ಸೆಕ್ಷನ್ 21ರಲ್ಲಿ ಖಾಲಿ ಮಾಡಿಸಬಹುದಿತ್ತು. 2025ರ ರೆಂಟರ್ಸ್ ರೈಟ್ಸ್ ಆ್ಯಕ್ಟ್‌ನಿಂದಾಗಿ 2026ರ ಮೇ 1ರಿಂದ ಆ ದಾರಿ ಇಲ್ಲ. ಈಗ ಕಾಟದ ಕಾರಣಕ್ಕೆ ಖಾಲಿ ಮಾಡಿಸಬೇಕಾದರೆ ಕೋರ್ಟಿನಲ್ಲಿ ತೋರಿಸಬೇಕು. ತೋರಿಸಲು ಏನಿದೆ? ನಿಮ್ಮ ಡೈರಿ.

ಇಷ್ಟೆಲ್ಲಾ ಮಾಡಿಯೂ ಕೌನ್ಸಿಲ್ ಮಲಗಿದ್ದರೆ ನಿಮ್ಮ ಕೈಯಲ್ಲಿ ಒಂದು ಹಕ್ಕಿದೆ, ಅದರ ಹೆಸರು ಕೇಸ್ ರಿವ್ಯೂ. ಮುಂಚೆ ಕಮ್ಯುನಿಟಿ ಟ್ರಿಗರ್ ಅನ್ನುತ್ತಿದ್ದರು. ಇದರ ಹಿಂದೆ ಒಂದು ದುರಂತವಿದೆ. ಲೆಸ್ಟರ್‌ಶೈರ್‌ನ ಬಾರ್ವೆಲ್‌ನಲ್ಲಿ ಫಿಯೋನಾ ಪಿಲ್ಕಿಂಗ್ಟನ್ ಎಂಬ ತಾಯಿ, ಅಂಗವೈಕಲ್ಯ ಇದ್ದ ಮಗಳ ಜೊತೆ, ಬೀದಿ ಹುಡುಗರ ಕಾಟವನ್ನು ವರ್ಷಗಟ್ಟಲೆ ಅನುಭವಿಸಿದರು. ಪೊಲೀಸರಿಗೆ 33 ಸಲ ತಿಳಿಸಿದ್ದರು. ಪ್ರತಿ ಕರೆಯನ್ನೂ ಬಿಡಿ ಘಟನೆಯಾಗಿ ನೋಡಿದರು, ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ. 2007ರಲ್ಲಿ ತಾಯಿ ಮಗಳಿಬ್ಬರೂ ತೀರಿಕೊಂಡರು. 2009ರಲ್ಲಿ ಆ ಸಾವಿನ ಬಗ್ಗೆ ನಡೆದ ವಿಚಾರಣೆಯಲ್ಲಿ (ಇನ್‌ಕ್ವೆಸ್ಟ್) ಪೊಲೀಸರ ಲೋಪವನ್ನೂ ಕೌನ್ಸಿಲ್‌ಗಳ ಲೋಪವನ್ನೂ ಜ್ಯೂರಿ ಎತ್ತಿ ಹೇಳಿತು. 2014ರ ಕಾಯ್ದೆಯಲ್ಲಿ ಕೇಸ್ ರಿವ್ಯೂ ಬಂದದ್ದು ಇಂಥ ಅನುಭವಗಳಿಂದ.

ನಿಯಮ ಇಷ್ಟು. ಆರು ತಿಂಗಳಲ್ಲಿ ಮೂರು ದೂರು ಇದ್ದರೆ ಯಾವ ಕೌನ್ಸಿಲ್ಲೂ ಇಲ್ಲ ಅನ್ನಲಾಗದು, ಅದಕ್ಕಿಂತ ಹೆಚ್ಚಿನ ಮಿತಿ ಇಡಲು ಅವರಿಗೆ ಅಧಿಕಾರ ಇಲ್ಲ. ಘಟನೆ ನಡೆದ ಒಂದು ತಿಂಗಳೊಳಗೆ ದೂರು ಕೊಟ್ಟಿರಬೇಕು. ದೂರಿನ ಆರು ತಿಂಗಳೊಳಗೆ ರಿವ್ಯೂ ಕೇಳಬೇಕು. ನಿಮ್ಮ ಮಾರ್ಚ್, ಮೇ, ಜೂನ್ ದೂರುಗಳು ಸರಿಯಾಗಿ ಕೂರುತ್ತವೆ, ಆದರೆ ಮಾರ್ಚಿನದ್ದು ಬೇಗ ಕೈಜಾರುತ್ತದೆ. ಪೊಲೀಸ್, ಕೌನ್ಸಿಲ್, ಆರೋಗ್ಯ ಇಲಾಖೆ, ಹೌಸಿಂಗ್ ಸಂಸ್ಥೆಯವರು ಒಂದೇ ಮೇಜಿಗೆ ಬಂದು 'ನಾವು ಏನು ಮಾಡಿದೆವು' ಅಂತ ಲೆಕ್ಕ ಕೊಡಬೇಕಾಗುತ್ತದೆ. ಅಲ್ಲಿಂದ ಬರುವ ಶಿಫಾರಸು ಆದೇಶವಲ್ಲ. ಆದರೂ ಎರಡು ಇಲಾಖೆ ಒಂದರ ಮೇಲೊಂದು ಹಾಕಿ ಕೂತಿದ್ದ ಫೈಲು ಆ ದಿನ ಕದಲುತ್ತದೆ.

ಅಪಾಯಗಳನ್ನೂ ಹೇಳಬೇಕು. ಹೆಸರು ಗುಟ್ಟಾಗಿಡಿ ಅಂದರೂ, ಒಂದೇ ಗೋಡೆಯಾಚೆಯ ಮ್ಯೂಸಿಕ್‌ಗೆ ದೂರು ಕೊಟ್ಟವರು ಯಾರು ಅಂತ ಪಕ್ಕದವರಿಗೆ ತಿಳಿಯಲು ಜ್ಯೋತಿಷ್ಯ ಬೇಡ. ಅವರು ತಿರುಗಿ ನಿಮ್ಮ ಮೇಲೆ ದೂರು ಕೊಡಬಹುದು. ಬೆಳಗ್ಗೆ ಐದಕ್ಕೆ ಗ್ರೈಂಡರ್ ಹಾಕುವ ಅಭ್ಯಾಸ ಇದ್ದರೆ ಏಳರ ಮೇಲೆ ಇಟ್ಟುಕೊಳ್ಳಿ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಒಗ್ಗರಣೆ ವಾಸನೆಗೆ ಯಾರಾದರೂ ದೂರಿದರೆ ತಲೆ ಕೆಡಿಸಿಕೊಳ್ಳಬೇಡಿ, ಮನೆ ಅಡುಗೆಯನ್ನು ಯಾರೂ ಆ್ಯಂಟಿ ಸೋಷಿಯಲ್ ಅನ್ನುವುದಿಲ್ಲ. ದೀಪಾವಳಿ ದಿನ ಪಟಾಕಿಗೆ ರಾತ್ರಿ ಒಂದರವರೆಗೆ ಅವಕಾಶ ಇದೆ, 2004ರ ನಿಯಮದಲ್ಲೇ ಹಬ್ಬದ ಹೆಸರಿದೆ. ಹೊಸ ವರ್ಷದ ಹಿಂದಿನ ರಾತ್ರಿ, ಚೀನೀ ಹೊಸ ವರ್ಷಕ್ಕೂ ಒಂದರವರೆಗೆ, ನವೆಂಬರ್ 5ರಂದು ಹನ್ನೆರಡರವರೆಗೆ; ಉಳಿದ ದಿನ ಹನ್ನೊಂದಕ್ಕೆ ನಿಲ್ಲಿಸಬೇಕು.

ಮೀಡಿಯೇಶನ್ ಮಾಡಿಸುತ್ತೇವೆ ಅಂತ ಕೌನ್ಸಿಲ್ ಹೇಳಿದರೆ ಮ್ಯೂಸಿಕ್ ಮಟ್ಟಿಗೆ ಒಪ್ಪಿಕೊಳ್ಳಿ. ಹೊಸ ಬಾಡಿಗೆದಾರರಿಗೆ ಗೋಡೆ ತೆಳು ಅಂತ ಗೊತ್ತೇ ಇಲ್ಲದಿರಬಹುದು. ಸ್ಪೀಕರ್ ಗೋಡೆ ಬಿಟ್ಟು ದೂರ ಇಟ್ಟು ನೆಲದಿಂದ ಮೇಲೆತ್ತಿದರೆ ಅರ್ಧ ಜಗಳ ಮುಗಿಯುತ್ತದೆ. ಬಣ್ಣದ ಬೈಗುಳಕ್ಕೆ ಮಾತ್ರ ಮೀಡಿಯೇಶನ್ ಒಪ್ಪಬೇಡಿ. ಅದು ರಾಜಿಯ ವಿಷಯ ಅಲ್ಲ.

ಇನ್ನು ಮನೆ ಮಾರುವ ಮಾತು. ಮಾರುವಾಗ ತುಂಬುವ ಟಿಎ6 ಫಾರ್ಮಿನಲ್ಲಿ ನೆರೆಯವರ ಜೊತೆ ತಕರಾರು, ದೂರು ಇದೆಯಾ ಎಂದು ಕೇಳುತ್ತಾರೆ. ಮುಚ್ಚಿಟ್ಟು ಮಾರಿದರೆ ಕೊಂಡವರು ಆಮೇಲೆ ನಿಮ್ಮ ಮೇಲೆ ದಾವೆ ಹಾಕಬಹುದು. ಈ ಫಾರ್ಮಿಗೆ ಹೆದರಿ ದೂರೇ ಕೊಡದವರನ್ನು ನಾನು ಬಹಳ ನೋಡಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಪಕ್ಕದವರು ಬಾಡಿಗೆಯವರು, ನೀವು ಸ್ವಂತದವರು. ಅವರು ನಿಮಗಿಂತ ಮೊದಲು ಹೋಗುವ ಸಾಧ್ಯತೆಯೇ ಜಾಸ್ತಿ. ದೂರು ಕೊಟ್ಟು ಬಗೆಹರಿದು ಫೈಲು ಮುಚ್ಚಿದೆ ಎಂದು ಬರೆಯುವುದು, ಈಗಲೂ ನಡೆಯುತ್ತಿರುವ ಗದ್ದಲದ ನಡುವೆ ಮನೆ ತೋರಿಸುವುದಕ್ಕಿಂತ ಎಷ್ಟೋ ವಾಸಿ.

ಕೌನ್ಸಿಲ್ ನೋಟಿಸ್ ಕೊಡದಿದ್ದರೆ ನೀವೇ 1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಆ್ಯಕ್ಟ್‌ನ ಸೆಕ್ಷನ್ 82ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಮೂರು ದಿನ ಮುಂಚೆ ಪಕ್ಕದವರಿಗೆ ಲಿಖಿತವಾಗಿ ತಿಳಿಸಬೇಕು. ಖರ್ಚು ನಿಮ್ಮ ತಲೆ ಮೇಲೆ ಬೀಳಬಹುದು, ಹಾಗಾಗಿ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಕೌನ್ಸಿಲ್‌ನ ದೂರು ವಿಭಾಗಕ್ಕೆ 'ನನ್ನ ಮೂರು ದೂರಿಗೆ ಏನು ತನಿಖೆ ಮಾಡಿದಿರಿ' ಅಂತ ಬರೆಯಿರಿ. ಅವರ ಕೊನೆಯ ಉತ್ತರವೂ ಸರಿ ಬಾರದಿದ್ದರೆ ಕೌನ್ಸಿಲ್‌ಗಳ ಮೇಲಿನ ದೂರು ನೋಡುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕ ಇಲ್ಲ. ಆದರೆ ತೊಂದರೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ನಿಮ್ಮ ಲೆಕ್ಕ ಮಾರ್ಚಿನಿಂದ ಶುರುವಾಗಿದೆ. ಈ ವಾರವೇ ಕೇಸ್ ರಿವ್ಯೂ ಫಾರ್ಮ್ ತುಂಬಿ, ಮೂರು ದೂರಿನ ರೆಫರೆನ್ಸ್ ನಂಬರೂ ಪೊಲೀಸ್ ಕ್ರೈಮ್ ನಂಬರೂ ಅದರಲ್ಲೇ ಹಾಕಿ.